ಊರಿನ ಹೆಸರಿಗೊಂದು ತಂಡ



ನಾನಿರುವುದು ಬಹ್ರೇನ್ ದೇಶದ ರಾಜಧಾನಿ ಮನಾಮಾದ ಸೆಗಯಾ ಬಡಾವಣೆಯಲ್ಲಿ. ಭಾರತದಿಂದ ಬಂದವರಿಗೆ ಇದು ಪರಿಚಿತ ಜಾಗ. ಕೇರಳೀಯ ಸಮಾಜ ಇರುವುದು ಇಲ್ಲೇ, ಕೇರಳ ಕ್ಯಾಥೊಲಿಕ್ ಅಸೋಸಿಯೇಷನ್ ಇರುವುದೂ ಇಲ್ಲೇ. ಮಂಗಳೂರು, ಉಡುಪಿ, ಕಾಸರಗೋಡು ಕಡೆಯಿಂದ ಬಂದು ಕನ್ನಡ, ತುಳು, ಕೊಂಕಣಿ, ಬ್ಯಾರಿ ಮಾತನಾಡುವ ಕುಟುಂಬಗಳು ಮನಾಮಾದ ತುಂಬ ಇವೆ. ರಜೆ ಬಂತೆಂದರೆ ನಮ್ಮವರು ಕ್ರಿಕೆಟ್ ಆಡುತ್ತಾರೆ, ಬ್ಯಾಡ್ಮಿಂಟನ್ ಆಡುತ್ತಾರೆ, ಸಂಘಗಳ ವಾರ್ಷಿಕೋತ್ಸವಕ್ಕೆ ತ್ರೋಬಾಲ್, ವಾಲಿಬಾಲ್ ಪಂದ್ಯ ಇಡುತ್ತಾರೆ. ನಮ್ಮ ನೆರೆಯವರಾದ ಫಿಲಿಪೀನ್ಸ್ ದೇಶದವರದು ಬೇರೆಯೇ ಆಟ. ಶುಕ್ರವಾರ ಬಂದರೆ ಸಾಕು, ಅವರಿಗೆ ಬ್ಯಾಸ್ಕೆಟ್‌ಬಾಲ್. ಆಸ್ಪತ್ರೆಯ ನರ್ಸು, ಹೋಟೆಲಿನ ಅಡುಗೆಯವರು, ಗ್ಯಾರೇಜಿನ ಮೆಕ್ಯಾನಿಕ್ಕು, ಎಲ್ಲರಿಗೂ ಒಂದೊಂದು ತಂಡವಿದೆ, ಬೆನ್ನ ಮೇಲೆ ಹೆಸರು ಅಚ್ಚಾದ ಬನಿಯನ್ ಇದೆ.

ಅವರ ದೇಶದ ಒಂದು ಲೀಗಿನ ಬಗ್ಗೆ, ಇಲ್ಲಿ ಕೊಲ್ಲಿ ಸೀಮೆಯಲ್ಲಿ ನಡೆಯುವ ಇನ್ನೊಂದು ಲೀಗಿನ ಬಗ್ಗೆ, ಅವೆರಡನ್ನೂ ನೋಡಿದಾಗ ನಮ್ಮ ಕರ್ನಾಟಕದ ಬಗ್ಗೆ ನನ್ನ ಮನಸ್ಸಿಗೆ ಬರುವ ವಿಚಾರದ ಬಗ್ಗೆ ಇಂದು ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ. ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಆಟ ಒಂದು ನಾಡಿನಲ್ಲಿ ಬೇರೂರುವುದು ರಾಜಧಾನಿಯಲ್ಲಿ ನಡೆಯುವ ಒಂದು ದೊಡ್ಡ ಕೂಟದಿಂದಲ್ಲ. ಜಿಲ್ಲೆಯ ಊರುಗಳ ನಡುವೆ, ವರ್ಷದಲ್ಲಿ ಹಲವು ತಿಂಗಳು, ಆಟಗಾರರಿಗೆ ಸಂಬಳ ಕೊಟ್ಟು ನಡೆಸುವ ಎರಡನೆಯ ಹಂತದ ಲೀಗಿನಿಂದ. ನಮ್ಮಲ್ಲಿ ಆಟಗಾರರಿದ್ದಾರೆ, ಕ್ಲಬ್ಬುಗಳಿವೆ, ಅಂಕಣಗಳಿವೆ. ಇಲ್ಲದಿರುವುದು ಈ ನಡುವಿನ ಮೆಟ್ಟಿಲು.

ಎರಡನೆಯ ಹಂತ ಎಂದರೆ ಏನು? ಫುಟ್‌ಬಾಲ್ ನೋಡುವವರಿಗೆ ಇದು ಗೊತ್ತು. ಬೆಂಗಳೂರಿನ ಫುಟ್‌ಬಾಲ್‌ನಲ್ಲಿ ಸೂಪರ್ ಡಿವಿಷನ್ ಇದೆ, ಅದರ ಕೆಳಗೆ ಎ, ಬಿ, ಸಿ ಡಿವಿಷನ್‌ಗಳಿವೆ. ಗೆದ್ದವರು ಮೇಲಕ್ಕೆ ಹೋಗುತ್ತಾರೆ, ಸೋತವರು ಕೆಳಕ್ಕೆ ಬರುತ್ತಾರೆ. 2023ರಲ್ಲಿ ಐ-ಲೀಗ್ ಗೆದ್ದ ಪಂಜಾಬ್ ತಂಡ ಹಣ ಕಟ್ಟಿ ಅಲ್ಲ, ಆಟದ ಬಲದಿಂದಲೇ ಮೇಲಿನ ಹಂತದ ಐಎಸ್‌ಎಲ್‌ಗೆ ಏರಿತು. ಬ್ಯಾಸ್ಕೆಟ್‌ಬಾಲ್‌ನಲ್ಲೂ ಹಲವು ದೇಶಗಳು ಇದೇ ದಾರಿ ಹಿಡಿದಿವೆ. ಮೇಲೆ ಒಂದು ದೊಡ್ಡ ಲೀಗ್, ಅದರ ಕೆಳಗೆ ಊರೂರಿನ ಹೆಸರು ಹೊತ್ತ ಪ್ರಾದೇಶಿಕ ಲೀಗ್. ಕೆಳಗಿನದರ ಖರ್ಚು ಕಡಿಮೆ, ಪ್ರಯಾಣ ಕಡಿಮೆ, ಪಂದ್ಯಗಳು ಹೆಚ್ಚು.

ಫಿಲಿಪೀನ್ಸ್‌ನ ಕತೆಯಿಂದ ಆರಂಭಿಸುತ್ತೇನೆ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕ ಚಳಿಗಾಲದಲ್ಲಿ ಹುಡುಗರಿಗೆ ಒಳಾಂಗಣದಲ್ಲಿ ಆಡಿಸಲೆಂದು ಈ ಆಟವನ್ನು ಕಟ್ಟಿದ. ವೈಎಂಸಿಎ ಸಂಸ್ಥೆ ಅದನ್ನು ಜಗತ್ತಿಗೆ ಹಂಚಿತು. ನಮ್ಮ ದೇಶಕ್ಕೂ, ಫಿಲಿಪೀನ್ಸ್‌ಗೂ ಈ ಆಟ ಬಂದದ್ದು ಒಂದೇ ದಾರಿಯಲ್ಲಿ. ಮದ್ರಾಸಿನಲ್ಲಿ 1920ರಲ್ಲಿ ಹ್ಯಾರಿ ಕ್ರೋ ಬಕ್ ಸ್ಥಾಪಿಸಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನಿಂದ ಹೊರಬಂದ ಶಿಕ್ಷಕರು ದಕ್ಷಿಣ ಭಾರತದ ಶಾಲೆ ಕಾಲೇಜುಗಳಲ್ಲಿ ಇದನ್ನು ಕಲಿಸಿದರು. 1934ರಲ್ಲಿ ನಮ್ಮ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ದೆಹಲಿಯಲ್ಲಿ ನಡೆಯಿತು. ಅಷ್ಟರ ಮಟ್ಟಿಗೆ ಎರಡೂ ದೇಶಗಳ ಹಾದಿ ಒಂದೇ. ಮುಂದೆ ಅವು ಬೇರೆಬೇರೆಯಾದವು. 1954ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಫಿಲಿಪೀನ್ಸ್ ಮೂರನೆಯ ಸ್ಥಾನ ಪಡೆಯಿತು. 1975ರಲ್ಲಿ ಅಲ್ಲಿ ಆರಂಭವಾದ ಪಿಬಿಎ, ಏಷ್ಯಾದ ಮೊದಲ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್. 2023ರಲ್ಲಿ ಆ ದೇಶ ವಿಶ್ವಕಪ್‌ನ ಆತಿಥ್ಯದಲ್ಲಿ ಪಾಲು ಪಡೆದಾಗ, ಆರಂಭದ ದಿನ ಫಿಲಿಪೀನ್ ಅರೇನಾದಲ್ಲಿ 38,115 ಜನ ಸೇರಿದ್ದರು. ವಿಶ್ವಕಪ್‌ನ ಇತಿಹಾಸದಲ್ಲಿ ಅದು ದಾಖಲೆ.

ಪಿಬಿಎಯಲ್ಲಿ ಒಂದು ವಿಶೇಷವಿದೆ. ಅದರ ತಂಡಗಳಿಗೆ ಊರಿನ ಹೆಸರಿಲ್ಲ, ಕಂಪನಿಗಳ ಹೆಸರಿದೆ. ಸ್ಯಾನ್ ಮಿಗೆಲ್ ಪಾನೀಯದ ಕಂಪನಿ, ಮೆರಾಲ್ಕೊ ವಿದ್ಯುತ್ ಕಂಪನಿ, ರೇನ್ ಆರ್ ಶೈನ್ ಪೇಂಟಿನ ಕಂಪನಿ. ಪಂದ್ಯಗಳೂ ಬಹುಪಾಲು ಮನಿಲಾ ಸುತ್ತಮುತ್ತಲೇ ನಡೆಯುತ್ತವೆ. ದೇಶವಿಡೀ ಆಟದ ಹುಚ್ಚು, ಆದರೆ ದೂರದ ಪ್ರಾಂತದ ಹುಡುಗನಿಗೆ ತನ್ನೂರಿನದು ಎಂದು ಹೇಳಿಕೊಳ್ಳಲು ಒಂದು ವೃತ್ತಿಪರ ತಂಡವಿರಲಿಲ್ಲ.

ಈ ಕೊರತೆಯನ್ನು ತುಂಬಲು ಮುಂದಾದವರು ಬಾಕ್ಸರ್ ಮ್ಯಾನಿ ಪಕಿಯಾವೊ. ಎಂಟು ತೂಕದ ವಿಭಾಗಗಳಲ್ಲಿ ವಿಶ್ವ ಚಾಂಪಿಯನ್ ಆದವರು, ಬಡತನದಿಂದ ಬಂದವರು, ಬ್ಯಾಸ್ಕೆಟ್‌ಬಾಲ್ ಎಂದರೆ ಪ್ರಾಣ ಬಿಡುವವರು. 2017ರಲ್ಲಿ ಅವರು ಮಹಾರ್ಲಿಕಾ ಪಿಲಿಪಿನಾಸ್ ಬ್ಯಾಸ್ಕೆಟ್‌ಬಾಲ್ ಲೀಗ್ ಸ್ಥಾಪಿಸಿದರು. 2018ರ ಜನವರಿಯಲ್ಲಿ ಹತ್ತು ತಂಡಗಳೊಡನೆ ಆಟ ಶುರುವಾಯಿತು. ಇಲ್ಲಿ ಪ್ರತಿ ತಂಡಕ್ಕೂ ಒಂದು ನಗರದ ಅಥವಾ ಪ್ರಾಂತದ ಹೆಸರು. ಮೊದಲ ವರ್ಷ ಗೆದ್ದದ್ದು ಬತಂಗಾಸ್ ಸಿಟಿ. ಮರುವರ್ಷ ಸಾನ್ ಹುವಾನ್. ಆಮೇಲೆ ದೂರದ ದಕ್ಷಿಣದ ದವಾವೊ ಆಕ್ಸಿಡೆಂಟಲ್. 2022ರಲ್ಲಿ ನುಯೆವಾ ಎಸಿಹಾ. ಆ ಪ್ರಾಂತ ಆ ದೇಶದ ಭತ್ತದ ಕಣಜ, ಹಾಗಾಗಿ ತಂಡದ ಹೆಸರಿನಲ್ಲೇ ಅಕ್ಕಿ ಇದೆ. 2023 ಮತ್ತು 2024ರಲ್ಲಿ ಪಂಪಾಂಗ. ಡಿಸೆಂಬರಿನಲ್ಲಿ ಅಲ್ಲಿ ದೈತ್ಯ ಗೂಡುದೀಪಗಳ ಉತ್ಸವ ನಡೆಯುತ್ತದೆ, ತಂಡದ ಹೆಸರೂ ಆ ಗೂಡುದೀಪಗಳದ್ದೇ. ಅಬ್ರಾ ಎಂಬ ಬೆಟ್ಟಸೀಮೆಯ ತಂಡ ತನ್ನ ನೇಕಾರರ ಹೆಸರು ಇಟ್ಟುಕೊಂಡಿದೆ.

ಈ ಹೆಸರುಗಳನ್ನು ಹೇಳುವಾಗ ನನ್ನ ಮನಸ್ಸು ನಮ್ಮೂರುಗಳ ಕಡೆಗೆ ಓಡುತ್ತದೆ. ಮಂಡ್ಯದ ಕಬ್ಬು, ಇಳಕಲ್ಲಿನ ಮಗ್ಗ, ಚನ್ನಪಟ್ಟಣದ ಬಣ್ಣದ ಗೊಂಬೆ, ಮಂಗಳೂರಿನ ಹೆಂಚು, ಬ್ಯಾಡಗಿಯ ಮೆಣಸಿನಕಾಯಿ. ತಂಡಕ್ಕೆ ಇಡಲು ಹೆಸರಿಗೇನು ನಮ್ಮಲ್ಲಿ ಬರವೇ? ಊರಿನ ದುಡಿಮೆಯ ಹೆಸರನ್ನು ಬನಿಯನ್ ಮೇಲೆ ಹೊತ್ತು ಆಡುವ ಹುಡುಗನಿಗೂ, ಅವನನ್ನು ನೋಡಲು ಬಂದ ಊರವರಿಗೂ ನಡುವೆ ಒಂದು ನಂಟು ಹುಟ್ಟುತ್ತದೆ. ಜಾಹೀರಾತಿಗೆ ಎಷ್ಟು ಹಣ ಸುರಿದರೂ ಆ ನಂಟನ್ನು ಕೊಳ್ಳಲು ಆಗದು.

ಪಕಿಯಾವೊ ಕಟ್ಟಿದ ಲೀಗಿನ ನಡೆಯನ್ನೂ ನೋಡೋಣ. ಪಂದ್ಯದ ದಿನ ಒಂದೇ ಊರಿನ ಒಂದೇ ಕ್ರೀಡಾಂಗಣದಲ್ಲಿ ಎರಡು ಮೂರು ಪಂದ್ಯ ಒಂದರ ಹಿಂದೆ ಒಂದು ನಡೆಯುತ್ತವೆ. ತೀರ್ಪುಗಾರರು, ಅಂಕ ಬರೆಯುವವರು, ಕ್ಯಾಮೆರಾದವರು ಒಮ್ಮೆ ಬಂದರೆ ಸಾಕು, ಮೂರು ಪಂದ್ಯ ಮುಗಿಯುತ್ತದೆ. ಖರ್ಚು ತಂಡಗಳ ನಡುವೆ ಹಂಚಿಹೋಗುತ್ತದೆ. ಮುಂದಿನ ದಿನ ಆಟ ಇನ್ನೊಂದು ಊರಿಗೆ. ಹೀಗೆ ಇಡೀ ಲೀಗು ದ್ವೀಪದಿಂದ ದ್ವೀಪಕ್ಕೆ ಸಂಚರಿಸುತ್ತದೆ. ಆರಂಭದಲ್ಲಿ ಅರೆವೃತ್ತಿಪರವಾಗಿದ್ದ ಈ ಲೀಗಿಗೆ 2021ರ ಕೊನೆಯಲ್ಲಿ ಸರ್ಕಾರದ ನಿಯಂತ್ರಣ ಮಂಡಳಿಯಿಂದ ಪೂರ್ಣ ವೃತ್ತಿಪರ ಮಾನ್ಯತೆ ಸಿಕ್ಕಿತು. ಈಗ ಅಲ್ಲಿ ಆಡುವುದು ಕೂಡ ಒಂದು ಉದ್ಯೋಗ.

ಅಲ್ಲಿಂದ ಮೇಲಕ್ಕೆ ದಾರಿಯೂ ಇದೆ. ಪಂಪಾಂಗ ಪ್ರಾಂತದಲ್ಲೇ ಹುಟ್ಟಿ ಬೆಳೆದ ಜಸ್ಟಿನ್ ಬಾಲ್ತಜಾರ್ ಎಂಬ ಎತ್ತರದ ಆಟಗಾರ, ತನ್ನ ಪ್ರಾಂತದ ತಂಡವನ್ನು ಚಾಂಪಿಯನ್ ಮಾಡಿದ. 2024ರಲ್ಲಿ ಪಿಬಿಎ ತಂಡಗಳು ಹೊಸ ಆಟಗಾರರನ್ನು ಆಯ್ದುಕೊಂಡಾಗ ಎಲ್ಲರಿಗಿಂತ ಮೊದಲು ಆಯ್ಕೆಯಾದದ್ದು ಅವನೇ. ಎರಡನೆಯ ಹಂತದಲ್ಲಿ ಆಡಿದ್ದು ಅವನಿಗೆ ಹಿನ್ನಡೆಯಾಗಲಿಲ್ಲ. ಅಲ್ಲಿ ಅವನಿಗೆ ಬೇಕಾದಷ್ಟು ಹೊತ್ತು ಅಂಕಣದಲ್ಲಿ ನಿಲ್ಲುವ ಅವಕಾಶ ಸಿಕ್ಕಿತು, ತಂಡದ ಹೊಣೆ ಹೊರುವುದು ಅಭ್ಯಾಸವಾಯಿತು. ದೊಡ್ಡ ತಂಡದ ಬೆಂಚಿನ ಮೇಲೆ ಕೂತಿದ್ದರೆ ಇವೆರಡೂ ಸಿಗುತ್ತಿರಲಿಲ್ಲ.

ಇನ್ನು ನಾನಿರುವ ಬಹ್ರೇನಿನ ವಿಚಾರ. ಈ ದೇಶ ವಿಸ್ತಾರದಲ್ಲಿ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತಲೂ ಚಿಕ್ಕದು. ಜನಸಂಖ್ಯೆ ಸುಮಾರು 15 ಲಕ್ಷ, ಅದರಲ್ಲಿ ಅರ್ಧದಷ್ಟು ನಮ್ಮಂಥ ಹೊರಗಿನವರು. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ಬಯಲಿನಲ್ಲಿ ಕೂಲಿಗಳಿಂದ ಕೆಲಸ ಮಾಡಿಸಬಾರದೆಂದು ಕಾನೂನಿರುವಷ್ಟು ಬಿಸಿಲು. ಇಂಥ ಹವೆಗೆ ಒಳಾಂಗಣದ ಆಟಗಳು ಹೊಂದುತ್ತವೆ. ಹ್ಯಾಂಡ್‌ಬಾಲ್‌ನಲ್ಲಿ ಬಹ್ರೇನ್ ಟೋಕಿಯೊ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್ ತಲುಪಿತು. ಬ್ಯಾಸ್ಕೆಟ್‌ಬಾಲ್‌ನಲ್ಲಿ 2024ರ ಒಲಿಂಪಿಕ್ಸ್ ಅರ್ಹತಾ ಕೂಟಕ್ಕೆ ಹೋಗಿ, ಪೋರ್ಟೊ ರಿಕೊದ ಸಾನ್ ಹುವಾನ್‌ನಲ್ಲಿ ಬಲಾಢ್ಯ ತಂಡಗಳ ಎದುರು ಆಡಿತು.

ಇಷ್ಟು ಚಿಕ್ಕ ದೇಶಕ್ಕೆ ಇದು ಹೇಗೆ ಸಾಧ್ಯವಾಯಿತು? ಇಲ್ಲಿ ಕ್ಲಬ್ಬುಗಳಿವೆ. ಮುಹರ್ರಕ್ ಕ್ಲಬ್ 1928ರದ್ದು. ಮನಾಮಾ, ಅಹ್ಲಿ, ರಿಫಾ, ಸಿತ್ರಾ, ನುವೈದ್ರಾತ್, ಹೀಗೆ ಊರಿಗೊಂದು, ಕೇರಿಗೊಂದು ಕ್ಲಬ್ಬು. ಒಂದೇ ಕ್ಲಬ್ಬಿನಲ್ಲಿ ಫುಟ್‌ಬಾಲ್, ಹ್ಯಾಂಡ್‌ಬಾಲ್, ವಾಲಿಬಾಲ್, ಬ್ಯಾಸ್ಕೆಟ್‌ಬಾಲ್ ಎಲ್ಲವೂ. ಚಿಕ್ಕ ಮಕ್ಕಳ ತಂಡದಿಂದ ಹಿರಿಯರ ತಂಡದವರೆಗೆ ವಯಸ್ಸಿಗೆ ತಕ್ಕ ತಂಡಗಳು. ಸೆಗಯಾದಿಂದ ಹೆಚ್ಚು ದೂರವಿಲ್ಲದ ಉಮ್ ಅಲ್ ಹಸ್ಸಮ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ ಒಳಾಂಗಣವಿದೆ. ಮೊಬೈಲ್ ಕಂಪನಿ ಝೈನ್ ಲೀಗಿಗೆ ಪ್ರಾಯೋಜಕತ್ವ ಕೊಡುತ್ತದೆ. ಮನಾಮಾಕ್ಕೂ ಮುಹರ್ರಕ್‌ಗೂ ಪಂದ್ಯವೆಂದರೆ ಡೋಲು, ಹಾಡು, ಕೇಕೆ. ಆ ಸದ್ದಿನ ನಡುವೆ ತಂದೆಯ ಹೆಗಲ ಮೇಲೆ ಕೂತ ಮಗು ಈ ಆಟವನ್ನು ತನ್ನದೆಂದುಕೊಂಡು ಬೆಳೆಯುತ್ತದೆ.

ಆದರೆ ಚಿಕ್ಕ ದೇಶದಲ್ಲಿ ಅದೇ ಎದುರಾಳಿಗಳ ಜೊತೆ ಆಡುತ್ತಾ ಹೋದರೆ ಆಟ ಒಂದು ಕಡೆ ನಿಂತುಬಿಡುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರ ಪ್ರಾದೇಶಿಕ ಲೀಗ್. 2022ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ, ಅಂದರೆ ಫಿಬಾ, ವೆಸ್ಟ್ ಏಷ್ಯಾ ಸೂಪರ್ ಲೀಗ್ ಆರಂಭಿಸಿತು. ಲೆಬನಾನ್, ಸಿರಿಯಾ, ಜೋರ್ಡಾನ್, ಇರಾಕ್, ಇರಾನ್ ಕಡೆಯ ಕ್ಲಬ್ಬುಗಳದ್ದು ಒಂದು ವಿಭಾಗ. ಬಹ್ರೇನ್, ಕುವೈತ್, ಕತಾರ್, ಸೌದಿ, ಎಮಿರೇಟ್ಸ್ ಕಡೆಯ ಕ್ಲಬ್ಬುಗಳದ್ದು ಇನ್ನೊಂದು. ಒಂದು ಪಂದ್ಯ ತವರಿನಲ್ಲಿ, ಮರುಪಂದ್ಯ ಎದುರಾಳಿಯ ಊರಿನಲ್ಲಿ. ಇದರಲ್ಲಿ ಮುಂದೆ ಬಂದವರಿಗೆ ಮೇಲಿನ ಹಂತದ ಏಷ್ಯಾ ಚಾಂಪಿಯನ್ಸ್ ಲೀಗಿನ ಬಾಗಿಲು ತೆರೆಯುತ್ತದೆ. ಬೇರೂತಿನ ಅಲ್ ರಿಯಾದಿ ಕ್ಲಬ್ 2024ರಲ್ಲಿ ಆ ಮೇಲಿನ ಲೀಗಿನ ಚಾಂಪಿಯನ್ ಆಯಿತು. ಯುದ್ಧ, ಆರ್ಥಿಕ ಕುಸಿತ ಎಲ್ಲವನ್ನೂ ಉಂಡ ದೇಶದ ಒಂದು ಕ್ಲಬ್ಬು ಇಡೀ ಏಷ್ಯಾದಲ್ಲಿ ತಲೆಯೆತ್ತಿ ನಿಂತಿತು.

ಇಲ್ಲಿ ಭೂಗೋಳವೂ ನೆರವಿಗೆ ಬರುತ್ತದೆ. ಬಹ್ರೇನಿನಿಂದ ಸೌದಿಗೆ 25 ಕಿಲೋಮೀಟರಿನ ಸಮುದ್ರಸೇತುವೆ 1986ರಲ್ಲೇ ತೆರೆದಿದೆ, ಬಸ್ಸಿನಲ್ಲಿ ಹೋಗಿ ಆಡಿ ಬರಬಹುದು. ಕುವೈತ್, ದೋಹಾ, ದುಬೈ ವಿಮಾನದಲ್ಲಿ ಹತ್ತಿರದ ದಾರಿ. ಪ್ರಯಾಣ ಚಿಕ್ಕದಾದಷ್ಟೂ ಲೀಗಿಗೆ ಆಯುಸ್ಸು ಹೆಚ್ಚು.

ಯುರೋಪಿನ ಒಂದು ಉದಾಹರಣೆಯನ್ನೂ ಹೇಳಿಬಿಡುತ್ತೇನೆ. ಯುಗೊಸ್ಲಾವಿಯ ಒಡೆದು, ನೆರೆಯವರು ಒಬ್ಬರನ್ನೊಬ್ಬರು ಕೊಂದ ಸೀಮೆ ಅದು. 2001ರಲ್ಲಿ ಆ ಹೊಸ ದೇಶಗಳ ಕ್ಲಬ್ಬುಗಳು ಸೇರಿ ಏಡ್ರಿಯಾಟಿಕ್ ಲೀಗ್ ಕಟ್ಟಿದವು. 2017ರಲ್ಲಿ ಅದಕ್ಕೊಂದು ಎರಡನೆಯ ಹಂತ ಬಂತು. ಅದರ ಮೊದಲ ಚಾಂಪಿಯನ್ ಸ್ಲೊವೇನಿಯಾದ ನೊವೊ ಮೆಸ್ತೊ ಎಂಬ ಸಣ್ಣ ಪಟ್ಟಣದ ಕ್ರಕಾ, ಅಲ್ಲಿನ ಔಷಧ ಕಂಪನಿಯ ಹೆಸರಿನ ತಂಡ. ಗೆದ್ದದ್ದಕ್ಕೆ ಮೇಲಿನ ಲೀಗಿಗೆ ಬಡ್ತಿ ಪಡೆಯಿತು. ಗಡಿಗಳ ಆಚೀಚೆ ಗಾಯ ಹಸಿಯಾಗಿದ್ದ ನಾಡಿನಲ್ಲಿ ಮಕ್ಕಳು ಬಸ್ಸು ಹತ್ತಿ ಒಬ್ಬರ ಊರಿಗೆ ಇನ್ನೊಬ್ಬರು ಆಡಲು ಹೋಗುತ್ತಾರೆಂಬುದು ನನಗೆ ಪ್ರಶಸ್ತಿಗಳಿಗಿಂತ ದೊಡ್ಡ ಸಂಗತಿ ಎನಿಸುತ್ತದೆ.

ಈಗ ನಮ್ಮ ಕರ್ನಾಟಕಕ್ಕೆ ಬರೋಣ. ನಮ್ಮಲ್ಲಿ ಬ್ಯಾಸ್ಕೆಟ್‌ಬಾಲ್ ಹೊಸದೇನಲ್ಲ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದ ಅಂಕಣದಲ್ಲಿ ರಾಜ್ಯ ಸಂಸ್ಥೆಯ ಲೀಗು, ಕೂಟಗಳು ನಡೆದುಕೊಂಡು ಬಂದಿವೆ. ಬೆಂಗಳೂರಿನ ಬೀಗಲ್ಸ್, ಸೇನೆಯ ಎಂಇಜಿ, ಧಾರವಾಡದ ರೋವರ್ಸ್ ಕ್ಲಬ್, ಮಂಡ್ಯದ ಹುಡುಗ ಹುಡುಗಿಯರು, ಕ್ರೀಡಾ ಇಲಾಖೆಯ ಹಾಸ್ಟೆಲುಗಳು, ಮೂಡುಬಿದಿರೆಯಂಥ ಊರಿನ ಕಾಲೇಜು ತಂಡಗಳು ಈ ಆಟವನ್ನು ಉಳಿಸಿಕೊಂಡು ಬಂದಿವೆ. ನಮ್ಮ ರಾಜ್ಯ ಸಂಸ್ಥೆಯ ಅಧ್ಯಕ್ಷರಾಗಿದ್ದ ಕೆ. ಗೋವಿಂದರಾಜ್ 2023ರಲ್ಲಿ ಫಿಬಾ ಏಷ್ಯಾದ ಅಧ್ಯಕ್ಷರಾದರು. ಆಡಳಿತದಲ್ಲಿ ಕನ್ನಡಿಗರೊಬ್ಬರು ಖಂಡದ ತುದಿಗೆ ಏರಿದ್ದಾರೆ. ಆಟಗಾರ ಏರಲು ಬೇಕಾದ ಮೆಟ್ಟಿಲು ಮಾತ್ರ ಇನ್ನೂ ಅರ್ಧಕ್ಕೇ ನಿಂತಿದೆ.

ಇಷ್ಟು ಕಾಲ ಆ ಮೆಟ್ಟಿಲಿನ ಕೆಲಸ ಮಾಡಿದ್ದು ಬ್ಯಾಂಕುಗಳು, ರೈಲ್ವೆ, ಸೇನೆ. 1931ರಲ್ಲಿ ಮಂಗಳೂರಿನಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರು ಸ್ಥಾಪಿಸಿದ ವಿಜಯಾ ಬ್ಯಾಂಕಿನ ಬ್ಯಾಸ್ಕೆಟ್‌ಬಾಲ್ ತಂಡ ರಾಜ್ಯದ ಬಲಿಷ್ಠ ತಂಡಗಳಲ್ಲೊಂದಾಗಿತ್ತು. ಚೆನ್ನಾಗಿ ಆಡುವ ಹುಡುಗನಿಗೆ ಬ್ಯಾಂಕಿನಲ್ಲಿ ಕೆಲಸ, ಬೆಳಿಗ್ಗೆ ಸಂಜೆ ಅಭ್ಯಾಸ, ಊರಲ್ಲಿ ತಂದೆ ತಾಯಿಗೆ ನೆಮ್ಮದಿ. ಎಷ್ಟೋ ಮಧ್ಯಮ ವರ್ಗದ ಮನೆಗಳು ಆಟವನ್ನು ಒಪ್ಪಿಕೊಂಡದ್ದು ಈ ಕ್ರೀಡಾ ಕೋಟಾದ ಭರವಸೆಯಿಂದ. ಆ ವ್ಯವಸ್ಥೆಗೆ ನಾವು ಕೃತಜ್ಞರಾಗಿರಬೇಕು. ಆದರೆ 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ವಿಲೀನವಾಯಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ಕರಾವಳಿಯ ಊರುಗಳು ಹುಟ್ಟಿಸಿದ ಈ ಬ್ಯಾಂಕುಗಳ ಹೆಸರುಗಳೇ ಹೀಗೆ ಇಲ್ಲವಾದವು. ಒಬ್ಬ ಆಟಗಾರನ ಬದುಕು ಯಾವುದೋ ಬ್ಯಾಂಕಿನ ನೇಮಕಾತಿ ಪ್ರಕಟಣೆಯ ಮೇಲೆ ಮಾತ್ರ ನಿಂತಿರಬಾರದು.

ವೃತ್ತಿಪರ ಲೀಗಿನ ಪ್ರಯತ್ನಗಳು ನಮ್ಮಲ್ಲೂ ಆಗಿವೆ. 2015ರಲ್ಲಿ ಯುಬಿಎ ಲೀಗ್ ಬಂತು, ಅದರಲ್ಲಿ ಬೆಂಗಳೂರು ಬೀಸ್ಟ್ ಎಂಬ ತಂಡವಿತ್ತು. 2017ರ ನಂತರ ಆ ಲೀಗ್ ನಡೆಯಲಿಲ್ಲ. 2022ರಲ್ಲಿ ಐಎನ್‌ಬಿಎಲ್ ಬಂತು, ಬೆಂಗಳೂರು ಕಿಂಗ್ಸ್ ಬಂತು. ಈ ಪ್ರಯತ್ನಗಳನ್ನು ನಾನು ಗೌರವಿಸುತ್ತೇನೆ. ಆದರೆ ಎರಡರಲ್ಲೂ ಬಹುಪಾಲು ತಂಡಗಳು ದೊಡ್ಡ ನಗರಗಳವು, ಆಟದ ಅವಧಿ ಚಿಕ್ಕದು, ಕೆಳಗಿನಿಂದ ಗೆದ್ದು ಮೇಲೆ ಬರುವ ದಾರಿ ಇರಲಿಲ್ಲ. ಮಂಡ್ಯದ ಒಂದು ಕ್ಲಬ್ಬು ಎಷ್ಟೇ ಚೆನ್ನಾಗಿ ಆಡಿದರೂ ಅಲ್ಲಿಗೆ ಏರುವಂತಿರಲಿಲ್ಲ.

ಬಡ್ತಿಯ ಪದ್ಧತಿ ಎಂಥ ಹುರುಪು ತರಬಲ್ಲದು ಎಂಬುದನ್ನು ನಮ್ಮ ಹೆಣ್ಣುಮಕ್ಕಳು ಬೆಂಗಳೂರಿನಲ್ಲೇ ತೋರಿಸಿಕೊಟ್ಟಿದ್ದಾರೆ. ಮಹಿಳೆಯರ ಏಷ್ಯಾ ಕಪ್‌ನಲ್ಲಿ ಎ ಮತ್ತು ಬಿ ಎಂದು ಎರಡು ವಿಭಾಗಗಳಿವೆ. 2017ರ ಜುಲೈನಲ್ಲಿ ಬಿ ವಿಭಾಗದ ಕೂಟ ಬೆಂಗಳೂರಿನಲ್ಲಿ ನಡೆಯಿತು. ಫೈನಲ್‌ನಲ್ಲಿ ಕಜಾಕಸ್ತಾನವನ್ನು 75–73 ಅಂಕಗಳಿಂದ, ಎರಡೇ ಅಂಕಗಳ ಅಂತರದಲ್ಲಿ ಸೋಲಿಸಿ ಭಾರತ ಎ ವಿಭಾಗಕ್ಕೆ ಏರಿತು. 2019ರಲ್ಲಿ ಎ ವಿಭಾಗದ ಕೂಟವೂ ಬೆಂಗಳೂರಿಗೇ ಬಂತು. ಜಪಾನ್, ಕೊರಿಯಾದಂಥ ತಂಡಗಳ ಎದುರು ನಮ್ಮವರು ಸೋತರು. 2021ರಲ್ಲಿ ಅಮ್ಮಾನ್‌ನಲ್ಲಿ ಕೊನೆಯ ಸ್ಥಾನ ಪಡೆದು ಮತ್ತೆ ಬಿ ವಿಭಾಗಕ್ಕೆ ಇಳಿದರು. ಆ ಹುಡುಗಿಯರಲ್ಲಿ ಕಿಚ್ಚಿಗೆ ಕೊರತೆಯಿರಲಿಲ್ಲ. ಜಪಾನಿನ ಆಟಗಾರ್ತಿ ತಿಂಗಳುಗಟ್ಟಲೆ ತನ್ನ ದೇಶದ ಲೀಗಿನಲ್ಲಿ ಆಡಿ ಬಂದಿದ್ದಳು, ನಮ್ಮವಳು ಶಿಬಿರದಿಂದ ಬಂದಿದ್ದಳು. ಏರುವುದಕ್ಕೆ ಒಂದು ಕೂಟ ಸಾಕು, ಏರಿದಲ್ಲಿ ನಿಲ್ಲುವುದಕ್ಕೆ ಲೀಗು ಬೇಕು. ಪುರುಷರಿಗೂ ಈ ಮಾತು ಅಷ್ಟೇ ನಿಜ. ಭಾರತದ ಪುರುಷರ ತಂಡ ಒಲಿಂಪಿಕ್ಸ್‌ನಲ್ಲಿ ಆಡಿದ್ದು ಒಮ್ಮೆ ಮಾತ್ರ, 1980ರಲ್ಲಿ ಮಾಸ್ಕೋದಲ್ಲಿ.

ಲೀಗು ಏಕೆ ಬೇಕೆಂಬುದನ್ನು ನಮ್ಮ ಕರಾವಳಿಯವರಿಗೆ ವಿವರಿಸುವುದು ಸುಲಭ. ಯಕ್ಷಗಾನದ ಮೇಳಗಳನ್ನು ನೆನೆಯಿರಿ. ದೀಪಾವಳಿ ಕಳೆದ ಮೇಲೆ ಗೆಜ್ಜೆ ಕಟ್ಟಿದರೆ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯವರೆಗೆ ತಿರುಗಾಟ. ಕೋಡಂಗಿ, ಬಾಲಗೋಪಾಲ ವೇಷದಿಂದ ಸುರು ಮಾಡಿದ ಹುಡುಗ ವರ್ಷವರ್ಷ ಒಂದೊಂದು ಹೆಜ್ಜೆ ಮೇಲೇರಿ ಪ್ರಧಾನ ವೇಷದವರೆಗೆ ಬರುತ್ತಾನೆ. ರಾತ್ರಿಗೊಂದು ಊರು, ಊರಿಗೊಂದು ಪ್ರಸಂಗ, ತಿರುಗಾಟಕ್ಕೆ ಸಂಭಾವನೆ. ದೊಡ್ಡ ಕಲಾವಿದರು ತಯಾರಾದದ್ದು ವರ್ಷಕ್ಕೊಂದು ದೊಡ್ಡ ಉತ್ಸವದಲ್ಲಿ ಕುಣಿದು ಅಲ್ಲ, ಗದ್ದೆ ಬಯಲುಗಳಲ್ಲಿ ನೂರಾರು ರಾತ್ರಿ ಕುಣಿದು. ಮೇಳಕ್ಕೆ ತಿರುಗಾಟ ಹೇಗೋ ಆಟಗಾರನಿಗೆ ಲೀಗು ಹಾಗೆ.

ಹಾಗಾದರೆ ನಾವೇನು ಮಾಡಬಹುದು? ನನ್ನ ಕಣ್ಣ ಮುಂದಿರುವ ಚಿತ್ರ ಸರಳವಾದದ್ದು. ಎಂಟು ಊರುಗಳಿಂದ ಶುರುಮಾಡೋಣ. ಮಂಡ್ಯ, ಮೈಸೂರು, ಧಾರವಾಡ, ಮಂಗಳೂರು, ದಾವಣಗೆರೆ, ಬಳ್ಳಾರಿ, ಕಲಬುರಗಿ, ಬೆಳಗಾವಿ. ಮೈಸೂರಿನ ಚಾಮುಂಡಿ ವಿಹಾರ, ಮಂಗಳೂರಿನ ಯು.ಎಸ್. ಮಲ್ಯ ಒಳಾಂಗಣದಂಥ ಜಾಗಗಳು ಈಗಾಗಲೇ ಇವೆ. 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಕಣ ಸಾಕು, ಕ್ರಿಕೆಟ್ಟಿನಂತೆ ಎಕರೆಗಟ್ಟಲೆ ಮೈದಾನ ಬೇಡ. ಪಂದ್ಯಕ್ಕೆ ಹತ್ತು ನಿಮಿಷದ ನಾಲ್ಕು ಪಾಳಿ, ಒಟ್ಟು ನಲವತ್ತು ನಿಮಿಷದ ಆಟ. ಫಿಲಿಪೀನ್ಸ್‌ನಲ್ಲಿ ಮಾಡಿದಂತೆ ಶನಿವಾರ ಭಾನುವಾರ ಒಂದೇ ಊರಿನಲ್ಲಿ ಮೂರು ಮೂರು ಪಂದ್ಯ ಇಟ್ಟರೆ, ಸಂಜೆ ನಾಲ್ಕಕ್ಕೆ ಬಂದ ಮನೆಮಂದಿ ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದು. ತಂಡಗಳ ಪ್ರಯಾಣಕ್ಕೆ ರಾತ್ರಿ ಬಸ್ಸು, ರೈಲು ಇವೆ. ಪ್ರತಿ ತಂಡದಲ್ಲೂ ಆ ಜಿಲ್ಲೆಯಲ್ಲೇ ಹುಟ್ಟಿದ ಅಥವಾ ಓದಿದ ಆಟಗಾರರಿಗೆ ಇಂತಿಷ್ಟು ಸ್ಥಾನ ಎಂದು ಕಟ್ಟುನಿಟ್ಟಾಗಿ ಗೊತ್ತುಮಾಡಬೇಕು. ಗೆದ್ದ ತಂಡಕ್ಕೆ ರಾಷ್ಟ್ರೀಯ ಲೀಗಿನಲ್ಲಿ ಸ್ಥಾನ, ಕೊನೆಗುಳಿದ ತಂಡ ಜಿಲ್ಲಾ ಮಟ್ಟದ ಚಾಂಪಿಯನ್ ಕ್ಲಬ್ಬಿನೊಡನೆ ಆಡಿ ತನ್ನ ಸ್ಥಾನ ಉಳಿಸಿಕೊಳ್ಳಬೇಕು. ಆಗ ಕೊನೆಯ ವಾರದವರೆಗೂ ಪ್ರತಿ ಪಂದ್ಯಕ್ಕೂ ಬೆಲೆ ಇರುತ್ತದೆ.

ಇದು ನೆಲೆಯೂರಿದ ಮೇಲೆ ಗಡಿ ದಾಟೋಣ. ಕಾಸರಗೋಡು ಮಂಗಳೂರಿಗೆ ಎಷ್ಟು ಹತ್ತಿರ, ಹೊಸೂರು ಬೆಂಗಳೂರಿಗೆ ಎಷ್ಟು ಹತ್ತಿರ! ಸೊಲ್ಲಾಪುರ, ಅಕ್ಕಲಕೋಟೆ, ಆದೋನಿಯಲ್ಲಿ ಕನ್ನಡ ಮಾತನಾಡುವ ಮನೆಗಳಿವೆ. ಕೊಯಮತ್ತೂರು, ಚೆನ್ನೈ, ಕೊಟ್ಟಾಯಂ ಕಡೆ ಬ್ಯಾಸ್ಕೆಟ್‌ಬಾಲ್‌ಗೆ ಆಳವಾದ ಬೇರುಗಳಿವೆ. ದಕ್ಷಿಣ ಭಾರತದ ಪ್ರಾದೇಶಿಕ ಲೀಗೊಂದು ಹುಟ್ಟಿದರೆ, ಕಾಸರಗೋಡಿನ ಹುಡುಗ ಕನ್ನಡ ಶಾಲೆಯಲ್ಲಿ ಓದಿ, ಮಲಯಾಳಿ ಗೆಳೆಯನ ಪಕ್ಕದಲ್ಲಿ ನಿಂತು, ತನ್ನೂರಿನ ಬನಿಯನ್ ತೊಟ್ಟು ಮಂಗಳೂರಿನಲ್ಲಿ ಆಡುತ್ತಾನೆ. ನೀರು, ಗಡಿ ಎಂದು ಕಾದಾಡುವ ರಾಜ್ಯಗಳ ಮಕ್ಕಳು ವಾರ ವಾರ ಒಬ್ಬರ ಊರಿನ ಊಟ ಇನ್ನೊಬ್ಬರು ಉಣ್ಣುತ್ತಾರೆ.

ಎಚ್ಚರಿಕೆಯ ಮಾತುಗಳನ್ನೂ ಹೇಳಲೇಬೇಕು. ಫಿಲಿಪೀನ್ಸ್‌ನ ಆ ಲೀಗು ಎರಡೇ ವರ್ಷದಲ್ಲಿ ಹತ್ತು ತಂಡದಿಂದ 31 ತಂಡಕ್ಕೆ ಬೆಳೆಯಿತು. ಅಷ್ಟು ಅವಸರದ ಬೆಳವಣಿಗೆಯನ್ನು ತಾಳಲಾರದೆ ಕೆಲವು ತಂಡಗಳು ಹಿಂದೆ ಸರಿದವು. ಪಂದ್ಯಗಳನ್ನು ಮಾರಿಕೊಂಡ ಆರೋಪವೂ ಆ ಲೀಗಿಗೆ ಅಂಟಿತು. ನಾವು ಬೆರಳು ತೋರಿಸುವ ಮೊದಲು ನಮ್ಮದನ್ನು ನೋಡಿಕೊಳ್ಳಬೇಕು. 2009ರಲ್ಲಿ ಎಷ್ಟೋ ಆಸೆಯಿಂದ ಆರಂಭವಾದ ನಮ್ಮ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್, 2019ರಲ್ಲಿ ಇದೇ ಕಳಂಕದಲ್ಲಿ ನಿಂತುಹೋಯಿತು. ಸಣ್ಣ ಲೀಗುಗಳ ಮೇಲೆ ಬೆಟ್ಟಿಂಗಿನವರ ಕಣ್ಣು ಬೇಗ ಬೀಳುತ್ತದೆ. ಸಂಬಳ ತಡವಾದ ಆಟಗಾರನ ಬಾಗಿಲಿಗೆ ಅವರು ಮೊದಲು ಬರುತ್ತಾರೆ. ಆದ್ದರಿಂದ ತಿಂಗಳ ಮೊದಲ ವಾರ ಸಂಬಳ ಕೈಸೇರುವಂತೆ, ಲೀಗು ಶುರುವಾಗುವ ಮೊದಲೇ ಪ್ರತಿ ತಂಡ ಇಡೀ ಋತುವಿನ ಸಂಬಳದ ಹಣ ಠೇವಣಿ ಇಡುವಂತೆ ನಿಯಮ ಮಾಡಬೇಕು. ಸಂಬಳ ದೊಡ್ಡದಿರಬೇಕೆಂದಿಲ್ಲ, ಒಬ್ಬ ಶಾಲಾ ಶಿಕ್ಷಕ ಮರ್ಯಾದೆಯಿಂದ ಬದುಕುವಷ್ಟಿದ್ದರೆ ಸಾಕು. ಹೇಳಿದ ದಿನಕ್ಕೆ ಬರಬೇಕು, ಅಷ್ಟೇ ಮುಖ್ಯ. ಅದರ ಜೊತೆಗೆ ಆಟ ಮುಗಿದ ಮೇಲಿನ ಬದುಕಿಗಾಗಿ ಕೋಚಿಂಗ್, ತೀರ್ಪುಗಾರಿಕೆಯ ತರಬೇತಿಯನ್ನು ಲೀಗೇ ಕೊಡಬೇಕು. ಮೊಣಕಾಲಿಗೆ ಪೆಟ್ಟಾದ ಹುಡುಗನ ಚಿಕಿತ್ಸೆಗೆ ವಿಮೆ ಇರಬೇಕು. ನೆಗೆದು ಇಳಿಯುವ ಆಟದಲ್ಲಿ ಮೊಣಕಾಲು, ಕಣಕಾಲಿಗೆ ಪೆಟ್ಟು ತಪ್ಪಿದ್ದಲ್ಲ.

ಹಣ ಎಲ್ಲಿಂದ ಎಂದು ಕೇಳುತ್ತೀರಿ. ಜಿಲ್ಲೆಯ ಸಹಕಾರಿ ಬ್ಯಾಂಕು, ಸಕ್ಕರೆ ಕಾರ್ಖಾನೆ, ಹಾಲು ಒಕ್ಕೂಟ, ಗೇರುಬೀಜದ ಉದ್ಯಮ, ಕಾಲೇಜು ನಡೆಸುವ ಸಂಸ್ಥೆಗಳು ಸೇರಿದರೆ ಒಂದು ತಂಡವನ್ನು ಸಾಕುವುದು ಅಸಾಧ್ಯವಲ್ಲ. ಹೊರನಾಡಿನಲ್ಲಿರುವ ನಮ್ಮದೂ ಪಾಲಿರಲಿ. ಕೊಲ್ಲಿ ದೇಶಗಳ ಕನ್ನಡಿಗರು ಊರಿನ ದೇವಸ್ಥಾನ, ಮಸೀದಿ, ಇಗರ್ಜಿಗಳ ಜೀರ್ಣೋದ್ಧಾರಕ್ಕೆ, ಶಾಲೆಯ ಕಟ್ಟಡಕ್ಕೆ, ಯಕ್ಷಗಾನ ಮೇಳಕ್ಕೆ ಕೈಯೆತ್ತಿ ಕೊಡುತ್ತಲೇ ಬಂದಿದ್ದಾರೆ. ಊರಿನ ಹೆಸರಿನ ಒಂದು ತಂಡಕ್ಕೂ ಖಂಡಿತ ಕೊಡುತ್ತಾರೆ. ದೇಣಿಗೆಯ ಹಣದ ಲೆಕ್ಕ ಬಹಿರಂಗವಾಗಿರಲಿ ಎಂದಷ್ಟೇ ನಮ್ಮ ಅಪೇಕ್ಷೆ.

ಇನ್ನೊಂದು ಕೋರಿಕೆ ಬಾನುಲಿಯವರಲ್ಲಿ. ಮೈಸೂರಿನಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದ ನಾಡು ನಮ್ಮದು. ಧಾರವಾಡ, ಭದ್ರಾವತಿ, ಕಲಬುರಗಿ, ಮಂಗಳೂರು ನಿಲಯಗಳು ತಮ್ಮ ತಮ್ಮ ಸೀಮೆಯ ಮಾತಿನ ಸೊಗಡಿನಲ್ಲಿ ಈ ಪಂದ್ಯಗಳ ವೀಕ್ಷಕ ವಿವರಣೆ ಕೊಡಲಿ. ಬ್ಯಾಸ್ಕೆಟ್‌ಬಾಲ್ ವೇಗದ ಆಟ. ಚೆಂಡು ಕೈಗೆ ಬಂದ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು. ಆ ವೇಗವನ್ನು ಕನ್ನಡದಲ್ಲಿ ಹಿಡಿದು ಕೊಡುವ ಹೊಸ ವಿವರಣೆಗಾರರು ಹುಟ್ಟಲಿ. ಟಿವಿಯ ಹಕ್ಕುಗಳಿಗೆ ಕಾಯುತ್ತ ಕೂರುವುದು ಬೇಡ. ಹೊಲದಲ್ಲಿ, ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ಕೇಳುವವರಿದ್ದಾರೆ.

ತಂದೆ ತಾಯಂದಿರಿಗೂ ಒಂದು ಮಾತು. ಎತ್ತರವಿದ್ದರೆ ಮಾತ್ರ ಈ ಆಟ ಎಂಬ ಭಾವನೆ ಬಿಡಿ. ಚೆಂಡನ್ನು ಹೊತ್ತು ಆಟ ಕಟ್ಟುವ ಪಾಯಿಂಟ್ ಗಾರ್ಡ್‌ಗೆ ಬೇಕಾದದ್ದು ಚುರುಕು ಕಣ್ಣು, ಚುರುಕು ಬುದ್ಧಿ. ಪಂಜಾಬಿನ ಒಂದು ಹಳ್ಳಿಯ ಸತ್ನಾಂ ಸಿಂಗ್ 2015ರಲ್ಲಿ ಎನ್‌ಬಿಎ ತಂಡವೊಂದಕ್ಕೆ ಆಯ್ಕೆಯಾದ ಮೊದಲ ಭಾರತೀಯನಾದ. ಅಂಥ ಎತ್ತರಕ್ಕೆ ಏರುವವರು ಒಬ್ಬರೋ ಇಬ್ಬರೋ. ಅವರ ಹಿಂದೆ ನೂರು ಜನ ತಮ್ಮೂರಿನ ತಂಡದಲ್ಲಿ ಹತ್ತು ವರ್ಷ ಗೌರವದಿಂದ ಆಡಿ, ಆಮೇಲೆ ಮಕ್ಕಳಿಗೆ ಕಲಿಸಿ ಬದುಕುವಂತಾಗಬೇಕು. ಎರಡನೆಯ ಹಂತದ ಲೀಗು ಕೊಡುವುದು ಆ ನೂರು ಜನರ ಬದುಕನ್ನು.

ಹದಿನೈದು ಲಕ್ಷ ಜನರ ಬಹ್ರೇನ್ ಇದನ್ನು ಮಾಡಿದೆ, ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ಫಿಲಿಪೀನ್ಸ್ ಮಾಡಿದೆ. 2011ರ ಜನಗಣತಿಯಲ್ಲೇ ಆರು ಕೋಟಿ ದಾಟಿದ್ದ ಕರ್ನಾಟಕಕ್ಕೆ ಇದು ಆಗದ ಕೆಲಸವಲ್ಲ. ರಾಜ್ಯ ಸಂಸ್ಥೆ, ಕ್ರೀಡಾ ಇಲಾಖೆ, ಜಿಲ್ಲೆಯ ಕ್ಲಬ್ಬುಗಳು ಒಂದೇ ಮೇಜಿನ ಸುತ್ತ ಕೂತು, ಎಂಟು ಊರುಗಳ ಹೆಸರು ಬರೆದು, ಮೊದಲ ಋತುವಿನ ದಿನಾಂಕ ಗೊತ್ತುಮಾಡಲಿ. ನಿಮ್ಮೂರಿನ ತಂಡ ಅಂಕಣಕ್ಕೆ ಇಳಿದ ದಿನ ನೀವು ಮಕ್ಕಳನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತು ಹುರಿದುಂಬಿಸಿ. ನಾವು ಇಲ್ಲಿಂದ ನಮ್ಮ ಪಾಲಿನದನ್ನು ಕೊಡುತ್ತೇವೆ.